ದೊಡ್ಡೋರನ್ನು ಕರ್ಕೊಂಡು ಬಾ

ಅಂಗಡಿಯ ಗಲ್ಲಾಪೆಟ್ಟಿಗೆಯೆದುರು ಕವನ ನಿಂತಳೆಂದರೆ ಕಂಬ ನೆಟ್ಟ ಹಾಗೆ. ಆಮೇಲೆ ಬಂದ ಹಿರಿಯರ ಕೈಗಳು ಅವಳ ತಲೆಯ ಮೇಲಿಂದ ಹಾದು ಸೋಪು, ಎಣ್ಣೆ, ಬೆಂಕಿಪೊಟ್ಟಣಗಳನ್ನು ಪಡೆದು ಹಿಂತಿರುಗುತ್ತಿದ್ದರೂ ಅವಳು ಮುಖ ಗಂಟಿಕ್ಕುವುದಿಲ್ಲ, ಒಂದು ಹೆಜ್ಜೆ ಸರಿಯುವುದೂ ಇಲ್ಲ. "ಅದಿರ್ಲಿ ಅಣ್ಣ, ನಾನ್ ಮೊದ್ಲು ಬಂದೋಳು" ಎಂದು ಬೀದಿಗೆಲ್ಲ ಕೇಳುವಂಥ ದನಿಯಲ್ಲಿ, ನಗುನಗುತ್ತಲೇ ಹೇಳುತ್ತಾಳೆ. ಯಾರು ಏನೇ ಗದರಲಿ, ಅವಳ ಉತ್ತರ ಶುರುವಾಗುವುದು 'ಅದಿರ್ಲಿ'ಯಿಂದಲೇ.

ನಂಜನಗೂಡಿನ ಕಾಲೇಜಿನಲ್ಲಿ ನಾನು ಪಾಠ ಹೇಳುವ ಬಿ.ಕಾಂ. ತರಗತಿಯ ಹುಡುಗಿ ಅವಳು. ಹೆಮ್ಮರಗಾಲದಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಾಳೆ. ಹಾಲಿನ ವ್ಯಾನು ಓಡಿಸುವ ಅಪ್ಪನ ಹಳೆಯ ಖಾಕಿ ಕೋಟು ಚೂಡಿದಾರದ ಮೇಲೆ, ತೋಳು ಎರಡು ಮಡಿಕೆ, ಜೇಬಿನ ತುಂಬ ಹುರಿದ ಕಡಲೆಕಾಯಿ. ಚಪ್ಪಲಿಯ ಪಟಪಟ ಸದ್ದಿನಿಂದಲೇ ಅವಳ ಆಗಮನ ಇಡೀ ಕಾರಿಡಾರಿಗೆ ವಿದಿತವಾಗುತ್ತದೆ. ಆ ದೊಡ್ಡ ಜೇಬುಗಳನ್ನು ಕಂಡರೆ ಅಂಗಡಿಯವರ ಕಣ್ಣು ಚುರುಕಾಗುವುದೂ ಅಷ್ಟೇ ನಿಶ್ಚಿತ.

ಒಮ್ಮೆ ಕಾಲೇಜಿನ ಸಮಾರಂಭಕ್ಕೆ ಬಣ್ಣದ ಕಾಗದ ತರಲು ಇಬ್ಬರೂ ಒಂದು ಪುಸ್ತಕದಂಗಡಿಗೆ ಹೋದೆವು. ಬಾಗಿಲಲ್ಲೇ ಮಾಲೀಕ ಅವಳ ಬ್ಯಾಗನ್ನು ಹೊರಗಿಡಿಸಿದ. ನನ್ನ ಹೆಗಲ ಚೀಲದತ್ತ ನೋಡಲೂ ಇಲ್ಲ. ಕವನ ಮೆಲ್ಲಗೆ ಅದನ್ನು ನನ್ನ ಹೆಗಲಿನಿಂದ ಕಳಚಿ ತನ್ನ ಬ್ಯಾಗಿನ ಪಕ್ಕದಲ್ಲಿ ಕೂರಿಸಿದಳು. "ಅಯ್ಯೋ, ಮೇಷ್ಟ್ರದ್ದು ಬ್ಯಾಡ ಕಣವ್ವ!" ಎಂದು ಮಾಲೀಕ ಕೂಗಿದರೆ, "ಅದಿರ್ಲಿ ಅಣ್ಣ, ನನ್ ಬ್ಯಾಗಿಗೂ ಒಂದು ಜೊತೆ ಬ್ಯಾಡ್ವಾ?" ಎಂದಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮಾಲೀಕನೂ ನಗಲೇಬೇಕಾಯಿತು.

ಈ ನಗುವಿನ ಹಿಂದೊಂದು ಕಥೆಯಿದೆ ಎಂದು ತಿಳಿದದ್ದು ಆಮೇಲೆ. ಅವಳ ಅಕ್ಕ ಭಾನುಪ್ರಿಯಾ ಹೈಸ್ಕೂಲಿನಲ್ಲಿದ್ದಾಗ ಅಂಗಡಿಯವನೊಬ್ಬ ಹೇರ್‌ಕ್ಲಿಪ್ ಕದ್ದಳೆಂದು ಶಂಕಿಸಿ, ಎಲ್ಲರೆದುರು ಅವಳ ಚೀಲವನ್ನು ಬೋರಲು ಹಾಕಿದ್ದನಂತೆ. ಬಿದ್ದದ್ದು ಪುಸ್ತಕ, ಊಟದ ಡಬ್ಬಿ, ಕ್ಲಿಪ್ ಇರಲಿಲ್ಲ. ಅಂದಿನಿಂದ ಆ ಹುಡುಗಿ ಅಂಗಡಿಯ ಹೊಸ್ತಿಲು ತುಳಿದಿಲ್ಲ. ಬೇಕಾದ್ದನ್ನೆಲ್ಲ ತಂಗಿಯೇ ತರಬೇಕು. "ಸೂಜಿಗೆ ಎದರಲ್ಲ, ರಕ್ತಕ್ಕೆ ಎದರಲ್ಲ, ಅಂಗಡಿ ಅಂದ್ರೆ ನಡುಗ್ತಾಳೆ ಸಾ" ಎಂದಿದ್ದಳು ಕವನ, ಅಕ್ಕನಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದ ಸುದ್ದಿ ಹೇಳುತ್ತ. ರಜೆಯಲ್ಲಿ ರಸಬಾಳೆ ಸಸಿಯ ನರ್ಸರಿಯಲ್ಲಿ ತಾನು ದುಡಿದ ದುಡ್ಡಿನಿಂದ ಅಕ್ಕನಿಗೊಂದು ರೇಷ್ಮೆ ಸೀರೆ ಕೊಡಿಸುವುದು ಅವಳ ಹಂಬಲವಾಗಿತ್ತು.

ಆ ಸೀರೆಯ ಖರೀದಿಗೆ ಅಕಸ್ಮಾತ್ತಾಗಿ ನಾನೂ ಸಾಕ್ಷಿಯಾದೆ. ಟಿ. ನರಸೀಪುರದ ಬಟ್ಟೆಯಂಗಡಿಯೊಂದರಲ್ಲಿ ಪಂಚೆ ನೋಡುತ್ತ, ಮಾಲೀಕ ಬಸವಯ್ಯ ತರಿಸಿಕೊಟ್ಟ ಕಾಫಿ ಹೀರುತ್ತ ಮೆತ್ತೆಯ ಮೇಲೆ ಆಸೀನನಾಗಿದ್ದಾಗ ಪಟಪಟ ಸದ್ದು ಕೇಳಿಸಿತು. ರೇಷ್ಮೆ ಸೀರೆ ತೋರಿಸಿ ಎಂದಳು ಕವನ. ಬಸವಯ್ಯ ಕೋಟನ್ನೊಮ್ಮೆ, ಜೇಬನ್ನೊಮ್ಮೆ ನೋಡಿದರು. "ಅದೆಲ್ಲ ಬಿಚ್ಚಿದ್ರೆ ಮಡಿಕೆ ಹಾಳಾಯ್ತದೆ. ಮನೇಲಿ ದೊಡ್ಡೋರನ್ನ ಕರ್ಕೊಂಡು ಬಾ, ಓಗು."

ಅವಳ ಕಿವಿ ಕೆಂಪಾಯಿತು. ಅವಳು ನಗದೆ ನಿಂತದ್ದನ್ನು ಕಂಡದ್ದು ಅದೇ ಮೊದಲು. ನಾನು ಬಾಯಿ ತೆರೆಯುವಷ್ಟರಲ್ಲಿ ಕಣ್ಣಿನಲ್ಲೇ ನನ್ನನ್ನು ತಡೆದು, "ಅದಿರ್ಲಿ ಅಣ್ಣ, ದೊಡ್ಡೋರೇ ತಾನೆ? ಬತ್ತೀನಿ" ಎಂದು ಹೊರನಡೆದಳು.

ಸ್ವಲ್ಪ ಹೊತ್ತಿಗೆ, ಬಸ್‌ಸ್ಟ್ಯಾಂಡಿನಲ್ಲಿ ಅವಳಿಗಾಗಿ ಕಾದು ಕೂತಿದ್ದ ತಾಯಿಯ ತಾಯಿ, ಹತ್ತಿರದ ಹೆಮ್ಮಿಗೆಯ ಗುರುಸಿದ್ದಮ್ಮನನ್ನು ಕೈಹಿಡಿದು ಕರೆತಂದಳು. ಬೊಚ್ಚುಬಾಯಿ, ಬಾಗಿದ ಬೆನ್ನು, ಕಣ್ಣಿನಲ್ಲಿ ಮಾತ್ರ ಮೊಮ್ಮಗಳದೇ ಮಿಂಚು. ಬಸವಯ್ಯ ಧಡಕ್ಕನೆದ್ದರು. "ಬನ್ನಿ ಅವ್ವ, ಕೂತ್ಕೊಳ್ಳಿ!" ಕಾಫಿ ಬಂತು, ನವಿಲುಬಣ್ಣ, ಮಾವಿನೆಲೆಬಣ್ಣ ಹಾಸಿನ ಮೇಲೆ ಹರಡಿಕೊಂಡವು. "ಎಂಗೈತೆ ಅವ್ವ?"

ಅಜ್ಜಿ ಮೊಮ್ಮಗಳತ್ತ ಕತ್ತು ತಿರುಗಿಸಿದರು. "ನನ್ನೇನ್ ಕೇಳೀಯಪ್ಪ? ತಗೊಳ್ಳೋಳು ಅವ್ಳು, ಕಾಸು ಕೊಡೋಳು ಅವ್ಳು. ದೊಡ್ಡೋರು ಬೇಕು ಅಂದ್ಯಂತಲ್ಲ, ಸುಮ್ಕೆ ಕೂತ್ಕಳಾಕೆ ಬಂದಿವ್ನಿ." ಮತ್ತೆ ಲೋಟ ಕೈಗೆತ್ತಿಕೊಂಡು, "ಮಗೀಗೂ ಒಸಿ ಕಾಪಿ ಕೊಡ್ಸು. ಆಗ್ಲಿಂದ ನಿಂತೈತೆ" ಎಂದರು.

ಬಸವಯ್ಯ ಹಣೆ ಚಚ್ಚಿಕೊಂಡು ನಕ್ಕ ನಗುವಿಗೆ ಅವರ ಹೊಟ್ಟೆಯೇ ಕುಲುಕಿತು. "ತಪ್ಪಾಯ್ತು ಕಣವ್ವ, ಕೂತ್ಕೊ. ಯಾವ್ದನ್ನ ಬಿಚ್ಲಿ, ನೀನೇ ಯೋಳು." ಕವನ ಸಾವಕಾಶವಾಗಿ ಕೂತಳು, ಬಿಸಿ ಕಾಫಿ ಕುಡಿದಳು, ಬಿಚ್ಚಿದ ಸೀರೆಗಳನ್ನೆಲ್ಲ ಬೆಳಕಿಗೆ ಹಿಡಿದು ಕೊನೆಗೆ ನವಿಲುಬಣ್ಣದ್ದನ್ನು ಆರಿಸಿದಳು. ಅಷ್ಟರಲ್ಲಿ ಸಮವಸ್ತ್ರದ ಇಬ್ಬರು ಹುಡುಗಿಯರು ಕರ್ಚೀಫು ಕೇಳುತ್ತ ಬಾಗಿಲಲ್ಲಿ ಅನುಮಾನಿಸಿ ನಿಂತರು. ಬಸವಯ್ಯ ಹುಬ್ಬೇರಿಸಿದವರು, ಅಜ್ಜಿಯನ್ನು ಓರೆಗಣ್ಣಿನಿಂದ ನೋಡಿ, "ಬನ್ನಿ ಬನ್ನಿ, ಒಳಿಕ್ ಬನ್ನಿ" ಎಂದರು.

ತಿಂಗಳೊಳಗೆ ಇನ್ನೊಂದು ಸುದ್ದಿ ಬಂತು. ಸೀರೆಗೆ ರವಿಕೆಯ ಬಣ್ಣ ಒಪ್ಪಲಿಲ್ಲವೆಂದು ಭಾನುಪ್ರಿಯಾ ತಾನೇ ಬಸವಯ್ಯನವರ ಅಂಗಡಿಗೆ ಹೋಗಿದ್ದಳಂತೆ. ತಂಗಿ ಜೊತೆಗೆ ಹೊರಟರೆ "ನೀನು ಆಚೇನೆ ಇರು" ಎಂದು ನಿಲ್ಲಿಸಿ, ಒಬ್ಬಳೇ ಒಳಹೊಕ್ಕು, ಬೇಕಾದ್ದನ್ನು ಕೇಳಿ ಪಡೆದು ಬಂದಳಂತೆ. ಅದನ್ನು ಹೇಳುವಾಗ ಕವನ ನಗುತ್ತಿದ್ದಳು. ಕೋಟಿನ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಲೂ ಇದ್ದಳು.

ಅವಮಾನವನ್ನು ಮನೆಗೆ ಹೊತ್ತೊಯ್ದು ವರ್ಷಗಟ್ಟಲೆ ಒಳಗೊಳಗೇ ಬೇಯುವವರು ನಮ್ಮಲ್ಲಿ ಬಹಳ. ಬಂದಲ್ಲೇ ಬೈದು ಹಿಂತಿರುಗಿಸುವವರೂ ಉಂಟು. ತೀರ ಕೆಲವರು ಮಾತ್ರ ಅದನ್ನು ಅಲ್ಲೇ, ಎಲ್ಲರೆದುರು, ನಗುವಾಗಿ ಮಾರ್ಪಡಿಸಿ, ಅವಮಾನಿಸಿದವನಿಗೂ ಅದರಲ್ಲೊಂದು ಪಾಲು ಕೊಡುತ್ತಾರೆ. ಊರಿಗೊಬ್ಬರು ಇಂಥವರಿದ್ದರೆ ಸಾಕು, ಅವರ ಬೆನ್ನ ಹಿಂದೆ ಬರುವ ಅಂಜುಬುರುಕ ಮಕ್ಕಳು ಎಷ್ಟೋ ಹೊಸ್ತಿಲುಗಳನ್ನು ಸಲೀಸಾಗಿ ದಾಟಿಬಿಡುತ್ತಾರೆ.