ಮಗ್ಗದ ಸದ್ದಿನ ಮರೆಯಲ್ಲಿ

ಕಲೈವಾಣಿ ಎರಡು ಬೆರಳಿನಿಂದ ಹುಬ್ಬಿನ ಮೂಲೆಗೆ ತಟ್ಟಿಕೊಳ್ಳುತ್ತ ಒಲೆಯ ಮುಂದೆ ನಿಂತಿದ್ದಳು. ಹುಬ್ಬಾಯಿತು, ಕಣ್ಣಿನ ಕೆಳಗಾಯಿತು, ಕೊರಳಿನ ಮೂಳೆಗೆ ಬಂದಳು. ಬಾಯಿ ಮಾತ್ರ ತೆರೆಯಲಿಲ್ಲ. ಕಾಫಿ ಕುಡಿಯಲೆಂದು ಗಂಡ ಗಣೇಶನ್ ಮಗ್ಗ ನಿಲ್ಲಿಸಿದ್ದ.

ಮಗ್ಗ ನಿಂತರೆ ಆ ಮನೆಯಲ್ಲಿ ಗುಟ್ಟೆಂಬುದೇ ಇಲ್ಲ. ಇರುವುದೊಂದು ಕೋಣೆ. ಅದರಲ್ಲಿ ಮಗ್ಗ, ಮಗ್ಗದ ಪಕ್ಕ ಅತ್ತೆ ರಾಜಾತಿಯ ಮಂಚ, ತಗಡಿನ ಮರೆಯ ಈಚೆ ಅಡುಗೆ. ಲಕ್ವ ಹೊಡೆದು ಎಡಭಾಗ ಬಿದ್ದುಹೋದ ಮೇಲೆ ಮುದುಕಿಯ ಕಿವಿ ಇನ್ನಷ್ಟು ಚುರುಕಾಗಿತ್ತು. ಸೊಸೆ ನಿಟ್ಟುಸಿರು ಬಿಟ್ಟರೂ "ಯಾಕಮ್ಮಾ?" ಎನ್ನುತ್ತಿದ್ದಳು.

ಈ ತಟ್ಟಿಕೊಳ್ಳುವ ವಿದ್ಯೆ ಕಲಿಸಿದವರು ಎಡಪ್ಪಾಡಿಯ ಮಹಿಳಾ ಸಂಘಕ್ಕೆ ಬಂದಿದ್ದ ಒಬ್ಬ ಮೇಡಂ. ಮನಸ್ಸಿನ ಸಂಕಟವನ್ನು ಬಾಯಿಬಿಟ್ಟು ಹೇಳಬೇಕು, ಆದರೂ ನನ್ನನ್ನು ನಾನು ಒಪ್ಪಿಕೊಳ್ಳುತ್ತೇನೆ ಅನ್ನಬೇಕು, ಭಾರ ಇಳಿಯುತ್ತದೆ ಎಂದಿದ್ದರು. ಇಳಿಯಿತೋ ಬಿಟ್ಟಿತೋ, ಆ ಹೊತ್ತಿಗೆ ಉಸಿರಾದರೂ ಸಲೀಸಾಗುತ್ತಿತ್ತು. ಬೆಳಗಾದರೆ ಅತ್ತೆಯ ಹಾಸಿಗೆ ಬಟ್ಟೆ ಒಗೆಯಬೇಕು, ಮೈ ಒರೆಸಬೇಕು, ಗಂಜಿ ಕುಡಿಸಬೇಕು, ನಡುವೆ ಗಂಡನಿಗೆ ನೂಲು ಸುತ್ತಿಕೊಡಬೇಕು. ಅಳುವುದಕ್ಕೂ ಪುರುಸೊತ್ತಿಲ್ಲದ ಹೆಂಗಸು ಬೆರಳಿನಲ್ಲಿ ತಟ್ಟಿಕೊಂಡರೆ ಯಾರಪ್ಪನ ಗಂಟು ಹೋಗುತ್ತದೆ?

ಮಗ್ಗ ಮತ್ತೆ ಶುರುವಾಯಿತು. ಸದ್ಯ! ಕಲೈವಾಣಿ ಕೊರಳಿನ ಮೂಳೆಗೆ ತಟ್ಟುತ್ತ, ಆ ಗದ್ದಲದಲ್ಲಿ ತನಗಾದರೂ ಕೇಳಲಿ ಎಂದು ದನಿ ಎತ್ತಿದಳು.

"ನಂಗೆ ಸಾಕಾಗೋಗೈತೆ. ಈ ಮುದುಕಿ..."

ಎಳೆ ಕಡಿದು ಮಗ್ಗ ಗಕ್ಕನೆ ನಿಂತಿತು.

"...ಬೇಗ ಓಗ್ಬಿಡ್ಲಿ ಅನ್ನುಸ್ತೈತೆ."

ಮಾತು ಮನೆಯೆಲ್ಲ ಕೇಳಿಸಿತು. ಥೂ, ಈ ನಾಲಿಗೆ ಸೇದಿಹೋಗಬಾರದೇ! ತನ್ನ ತವರಿನವರು ಯಾರೂ ಬಾರದಿದ್ದಾಗ ಬಾಣಂತನ ಮಾಡಿದ ಅತ್ತೆ ಅವಳು. ಗಂಡ ಈಗ ಎದ್ದು ಬರುತ್ತಾನೆ ಎಂದು ಕಲೈವಾಣಿ ಕಾದಳು. ಅವನು ಬರಲಿಲ್ಲ.

"ವಾಣೀ," ಅತ್ತೆ ಕರೆದಳು. "ಬಾ ಇಲ್ಲಿ."

ಹೋಗಿ ಮಂಚದ ಬಳಿ ನಿಂತಳು. ಗಣೇಶನ್ ಕಡಿದ ಎಳೆ ಹಿಡಿದುಕೊಂಡು ತಲೆ ತಗ್ಗಿಸಿ ಕೂತಿದ್ದ.

"ತಪ್ಪಾಯ್ತು ಅತ್ತೆ. ಸುಮ್ನೆ ಬಾಯಿಗೆ ಬಂದ್ಬುಡ್ತು."

"ಸುಮ್ನೆ ಎಂಗೆ ಬತ್ತದೆ? ದಿನಾ ತಟ್ಕೊಳೋದು ತಗಡಿನ ಸಂದೀಲಿ ಕಾಣ್ತೈತೆ. ತಲೆನೋವು ಅನ್ಕೊಂಡಿದ್ದೆ ನಾನು."

ಕಲೈವಾಣಿಗೆ ಅಳು ಒತ್ತರಿಸಿ ಬಂತು. ಮುದುಕಿ ಬಲಗೈ ಚಾಚಿ ಅವಳ ಸೆರಗು ಹಿಡಿದಳು.

"ಪರವಾಗಿಲ್ಲ, ಅಳ್ಬೇಡ. ಎಲ್ಲೆಲ್ಲಿ ತಟ್ಬೇಕು, ನಂಗೂ ತೋರ್ಸು." ಆಮೇಲೆ ದನಿ ತಗ್ಗಿಸಿದಳು. "ನಂಗೂ ಅದೇ ಅನ್ನುಸ್ತೈತೆ ಕಣಮ್ಮಾ. ಮಗನ ಕಿವಿಗೆ ಬೀಳೋ ಅಂಗೆ ಎಂಗೆ ಏಳ್ಲಿ?"

ಕಲೈವಾಣಿ ಅತ್ತೆಯ ಬಲಗೈ ಎತ್ತಿ, ಎರಡು ಬೆರಳು ಕೂಡಿಸಿ, ಸುಕ್ಕುಗಟ್ಟಿದ ಹುಬ್ಬಿನ ಮೂಲೆಗೆ ಇಟ್ಟಳು. ಬೆರಳು ಮೆಲ್ಲಗೆ ತಟ್ಟಿದವು. ಮುದುಕಿ ಹೇಳಲೆಂದು ಬಾಯಿ ತೆರೆದವಳು ಮಗನ ಕಡೆ ನೋಡಿ ಮುಚ್ಚಿಕೊಂಡಳು.

ಗಣೇಶನ್ ಎಳೆಯನ್ನು ಕೈಬಿಟ್ಟ. ಅದಕ್ಕೆ ಗಂಟು ಹಾಕಲಿಲ್ಲ. ನೂಲು ಹಾಯಿಸುವ ಲಾಳಿಯನ್ನು ಬದಿಗಿಟ್ಟು, ಇವರತ್ತ ತಿರುಗದೆ, ಬರೀ ಮಗ್ಗವನ್ನೇ ಜೋರಾಗಿ ಬಡಿಯತೊಡಗಿದ. ಬಟ್ಟೆ ಇದ್ದಲ್ಲೇ ಇತ್ತು, ಸದ್ದು ಮಾತ್ರ ಮನೆ ತುಂಬಿತು.