ಸ್ವಿಚ್ಚಿನ ಮೇಲಿನ ಚೀಟಿ

ಚೆನ್ನಾಗಿ ನಡೆಯುತ್ತಿರುವುದನ್ನು ಕಂಡರೆ ತಜ್ಞರಿಗೆ ಕೈ ತುರಿಸುತ್ತದೆ. ತಜ್ಞರು ಎಂಬುದು ಅನುವಾದಕಿ ತನ್ನ ಗಂಡನಿಗೆ ಮನಸ್ಸಿನಲ್ಲೇ ಇಟ್ಟುಕೊಂಡ ಹೆಸರು. ಅವರ ಕೈಗುಣಕ್ಕೆ ಸಿಕ್ಕಿದ ಗಡಿಯಾರ, ಇಸ್ತ್ರಿಪೆಟ್ಟಿಗೆ, ರೇಡಿಯೋ ಆಗಲೇ ಅಟ್ಟ ಸೇರಿದ್ದವು. ಆ ದಿನ ಕೃಪಾದೃಷ್ಟಿ ಅವಳ ಕಂಪ್ಯೂಟರಿನ ಮೇಲೆ ಬಿತ್ತು.

ಅದರೊಳಗೆ ಅವಳ ನಾನೂರು ಪುಟದ ಅನುವಾದವಿತ್ತು. ಐದು ಗಂಟೆಗೆ ಪ್ರಕಾಶಕರಿಗೆ ಕಳಿಸಬೇಕು. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಬ್ಯಾಕಪ್ ತಾವೇ ಮಾಡಿಕೊಡುವುದಾಗಿ ತಜ್ಞರು ಮಾತು ಕೊಟ್ಟು ಬರೀ ಆರು ತಿಂಗಳಾಗಿತ್ತು.

ಕೊನೆಯ ಪುಟ ಮುಗಿಸಿ ಮೂರು ಗಂಟೆಗೆ ಅವಳು ಸ್ನಾನಕ್ಕೆ ಹೋದದ್ದೇ ತಡ, ತಜ್ಞರು ಪೆನ್‌ಡ್ರೈವ್ ಚುಚ್ಚಿ ಮದರ್‌ಬೋರ್ಡಿನ ಬಯಾಸ್ ಅಪ್‌ಡೇಟ್ ಶುರುಮಾಡಿದರು. ಬಯಾಸ್ ಅಂದರೆ ಕಂಪ್ಯೂಟರನ್ನು ಎಬ್ಬಿಸುವ ತಂತ್ರಾಂಶ. ಅದನ್ನು ಬದಲಿಸುವಾಗ ಕರೆಂಟ್ ಹೋದರೆ ಎಬ್ಬಿಸುವವರೇ ಇಲ್ಲ. ಪರದೆ ಕೆಂಪಕ್ಷರದಲ್ಲಿ ಇದನ್ನೇ ಹೇಳಿತು. ಆದರೆ ಎಚ್ಚರಿಕೆ ಇರುವುದು ಸಾಮಾನ್ಯರಿಗೆ. ಶೇಕಡ ನಲವತ್ತಾಗುವುದನ್ನು ನೋಡಿ ತಜ್ಞರು ಟೀ ಮಾಡಿಕೊಳ್ಳಲು ಎದ್ದುಹೋದರು.

ಆ ದಾರಿಯಲ್ಲಿ ಬಂದ ಅತ್ತೆ ಖಾಲಿ ಕೋಣೆ ನೋಡಿದರು, ಇಡೀ ಕೋಣೆಗೆ ಒಂದೇ ಆಗಿದ್ದ ಗೋಡೆಯ ಸ್ವಿಚ್ ಆರಿಸಿ ಹೋದರು.

"ಅಮ್ಮಾ, ಯಾರು ಆಫ್ ಮಾಡಿದ್ದು?"

"ನಾನೇ ಕಣೋ. ನೀನೇ ಬರೆದು ಅಂಟಿಸಿದ್ದೀಯಲ್ಲ."

ಸ್ವಿಚ್ಚಿನ ಮೇಲೆ ತಜ್ಞರದೇ ದುಂಡಕ್ಷರ: 'ಖಾಲಿ ಕೋಣೆಯಲ್ಲಿ ಸ್ವಿಚ್ ಆರಿಸಿ. ಯಾರಿಗೂ ವಿನಾಯಿತಿ ಇಲ್ಲ.'

ಅವಳು ತಲೆ ಒರೆಸಿಕೊಳ್ಳುತ್ತ ಬಂದಾಗ ತಜ್ಞರು ಮತ್ತೆ ಸ್ವಿಚ್ ಹಾಕಿದ್ದರು; ಕಂಪ್ಯೂಟರಿನ ಫ್ಯಾನ್ ತಿರುಗುತ್ತಿತ್ತು, ಪರದೆ ಕಪ್ಪಾಗಿತ್ತು.

"ಏನೂ ಆಗಿಲ್ಲ, ನಿನ್ನ ಫೈಲೆಲ್ಲ ಒಳಗೇ ಇದೆ," ಎಂದರು ತಜ್ಞರು. "ಬೋರ್ಡ್ ಹೋಗಿದೆ ಅಷ್ಟೇ. ಹೊಸದು ತರಿಸಿದರೆ ಒಂದು ವಾರ."

ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. "ಬೋರ್ಡಿನ ಜೊತೆ ಒಂದು ಪುಸ್ತಕ ಬಂದಿತ್ತಲ್ಲ, ಎಲ್ಲಿಟ್ಟಿದ್ದೀರಿ?"

ತಜ್ಞರು ಮೇಜಿನ ಕುಂಟು ಕಾಲಿನ ಕಡೆ ನೋಡಿದರು. ಎರಡು ವರ್ಷದಿಂದ ಆ ಪುಸ್ತಕ ಅಲ್ಲೇ ಸೇವೆ ಸಲ್ಲಿಸುತ್ತಿತ್ತು. ಅವಳು ಎಳೆದು ತೆಗೆದು ಮೊದಲಿನಿಂದ ಓದಿದಳು. ಮೂವತ್ತೊಂದನೇ ಪುಟದಲ್ಲಿ ಕೆಟ್ಟ ಬಯಾಸನ್ನು ಮತ್ತೆ ತುಂಬುವ ದಾರಿಯಿತ್ತು: ಪೆನ್‌ಡ್ರೈವಿನ ಫೈಲಿಗೆ ಅಲ್ಲಿ ಹೇಳಿದ ಹೆಸರು ಕೊಡಬೇಕು, ಕಂಪ್ಯೂಟರಿನ ಹಿಂಭಾಗದಲ್ಲಿ ಗುರುತಿರುವ ಕಿಂಡಿಗೆ ಚುಚ್ಚಬೇಕು, ಪಕ್ಕದ ಗುಂಡಿಯನ್ನು ಮೂರು ಸೆಕೆಂಡ್ ಒತ್ತಿ, ದೀಪ ಮಿನುಗುವುದು ನಿಲ್ಲುವವರೆಗೆ ಕಾಯಬೇಕು. ಹೆಸರನ್ನು ತಜ್ಞರ ಲ್ಯಾಪ್‌ಟಾಪಿನಲ್ಲಿ ಬದಲಿಸಿದಳು. ಆ ಲ್ಯಾಪ್‌ಟಾಪಿಗೆ ಮಾತ್ರ ಅವರು ಒಂದು ದಿನವೂ ಅಪ್‌ಡೇಟ್ ಹಾಕಿದವರಲ್ಲ.

ದೀಪ ಮಿನುಗತೊಡಗಿತು.

"ನಾನು ಕಾಯ್ತೀನಿ," ಎಂದರು ತಜ್ಞರು.

"ನೀವು ಟೀ ಕುಡೀರಿ. ಅತ್ತೆ, ನೀವು ಇಲ್ಲೇ ನನ್ನ ಜೊತೆ ಕೂತಿರಿ."

ಎಂಟು ನಿಮಿಷ ಇಬ್ಬರೂ ಕಣ್ಣು ಕೀಳಲಿಲ್ಲ. ದೀಪ ಆರಿತು, ಪರದೆ ಬೆಳಗಿತು. ನಾಲ್ಕೂ ನಲವತ್ತಕ್ಕೆ ಅನುವಾದ ಹೊರಟುಹೋಯಿತು.

ಮರುದಿನ ಬೆಳಿಗ್ಗೆ ತಜ್ಞರು ಅದೇ ಕೋಣೆಯಲ್ಲಿ ಪೇಪರ್ ಓದುತ್ತಿದ್ದಾಗ ತಲೆಯ ಮೇಲಿನ ದೀಪ ಆರಿತು.

"ಅಮ್ಮಾ, ನಾನಿಲ್ಲಿ ಕೂತಿದ್ದೀನಿ."

"ಗೊತ್ತು ಕಣೋ. ಚೀಟಿ ನೋಡು."

ಹಳೆಯ ಚೀಟಿಯ ಕೆಳಗೆ ಸೊಸೆಯ ಕೈಬರಹದಲ್ಲಿ ಹೊಸ ಸಾಲು ಸೇರಿತ್ತು: 'ತಜ್ಞರೊಬ್ಬರೇ ಇದ್ದರೆ ಕೋಣೆ ಖಾಲಿ ಎಂದೇ ತಿಳಿಯತಕ್ಕದ್ದು.'