ಬಗ್ಗಿಸಿದ ಕಂಬಿ

"ಮೊದ್ಲು ಹೆಗಲ ಮೇಲಿನ ಟವೆಲು ತೆಗಿಲೇ. ಟವೆಲು ಹಾಕ್ಕೊಂಡು ನನಗೇ ಇಂಜಿನಿಯರಿಂಗ್ ಹೇಳ್ಕೊಡಕ್ಕೆ ಬಂದವ್ನೆ, ಬೋಳಿಮಗ."

ತಂಗವೇಲು ಟವೆಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಅವನ ಜೊತೆ ಕಂಬಿ ಕಟ್ಟುತ್ತಿದ್ದ ಮೂವರೂ ಕೈ ನಿಲ್ಲಿಸಿದರು. ಕೆಳಗೆ ಜಲ್ಲಿ ಹೊರುತ್ತಿದ್ದ ಹೆಂಗಸರು ತಲೆಯ ಮೇಲೆ ಬಾಂಡ್ಲಿ ಇದ್ದಂತೆಯೇ ನಿಂತು ನೋಡಿದರು. ಅವರಲ್ಲಿ ತಂಗವೇಲುವಿನ ಹೆಂಡತಿ ಕುಪ್ಪಮ್ಮನೂ ಇದ್ದಳು.

"ನಾನು ಹೇಳ್ಕೊಡ್ತಿಲ್ಲ ಸಾರ್. ಡ್ರಾಯಿಂಗ್‌ನಾಗೆ ಹೆಂಗದೋ ಹಂಗೇ ಕಟ್ಟಿವ್ನಿ."

"ಡ್ರಾಯಿಂಗ್ ಬರೆಸೋನು ಯಾರು? ನಾನು. ನಾನು ಬದಲಾಯಿಸು ಅಂದ್ರೆ ಬದಲಾಯಿಸ್ಬೇಕು," ಎಂದ ದೇವರಾಜನ್.

ಎಂಬತ್ತನಾಲ್ಕನೇ ಇಸವಿಯ ಫೆಬ್ರವರಿ. ತಮಿಳು ಸೀಮೆಯ ಕುರಿಚಿಯಲ್ಲಿ ಪಂಪ್ ತಯಾರಿಸುವ ಕಂಪನಿಯೊಂದಕ್ಕೆ ಎರಡು ಅಂತಸ್ತಿನ ಆಫೀಸು ಏಳುತ್ತಿತ್ತು. ದೇವರಾಜನ್ ಅದರ ಇಂಜಿನಿಯರೂ ಹೌದು, ಕಂಟ್ರಾಕ್ಟರೂ ಹೌದು. ತೊಂಡಾಮುತ್ತೂರಿನ ತೋಟದ ಮನೆತನದವನು. ತಂಗವೇಲುವಿನ ಮನೆಯಂತೆ ಅವನ ಮನೆಯ ಮಾತೂ ಕನ್ನಡವೇ. ಕಂಪನಿಯ ಯಜಮಾನರ ಜೊತೆ, ಅಧಿಕಾರಿಗಳ ಜೊತೆ ಅವನು ತಮಿಳಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದ. ಕನ್ನಡ ಬೈಯುವುದಕ್ಕಿತ್ತು.

ಡ್ರಾಯಿಂಗ್ ಬರೆದವಳು ಸುಶೀಲ. ತಂಗವೇಲುವಿನ ಅಕ್ಕ ಜಾನಕಿಯಮ್ಮನ ಮಗಳು, ಇಪ್ಪತ್ತಮೂರರ ಹುಡುಗಿ. ದೇವರಾಜನ್‌ನ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸ. ಅವತ್ತು ಅವಳನ್ನೂ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದಿದ್ದ. ಸುರುಳಿ ಸುತ್ತಿದ ನೀಲಿ ಪ್ರಿಂಟನ್ನು ಎರಡೂ ಕೈಯಲ್ಲಿ ಹಿಡಿದು ಅವಳು ಪಕ್ಕದಲ್ಲಿ ನಿಂತಿದ್ದಳು.

ಜಗಳ ಒಂದು ಮೂಲೆಯದು. ಇಳಿಜಾರಾಗಿ ಮೇಲೇರುವ ಮೆಟ್ಟಿಲು ನಡುವಿನ ಸಮತಟ್ಟಾದ ಲ್ಯಾಂಡಿಂಗನ್ನು ಸೇರುವ ಮೂಲೆ. ಅಲ್ಲಿ ಅಡಿಯ ಕಂಬಿಯನ್ನು ಬಗ್ಗಿಸಿ ಅಡಿಯಲ್ಲೇ ಮುಂದಕ್ಕೆ ಒಯ್ಯಬಾರದು. ಮೆಟ್ಟಿಲಿನ ಕಂಬಿ ನೇರ ಹೋಗಿ ಲ್ಯಾಂಡಿಂಗಿನ ಮೇಲ್ಭಾಗವನ್ನು ಹಿಡಿಯಬೇಕು, ಲ್ಯಾಂಡಿಂಗಿನ ಕಂಬಿ ನೇರ ಬಂದು ಮೆಟ್ಟಿಲಿನ ಮೇಲ್ಭಾಗವನ್ನು ಹಿಡಿಯಬೇಕು. ಎರಡೂ ಕತ್ತರಿಯ ಹಾಗೆ ಒಂದನ್ನೊಂದು ದಾಟಬೇಕು. ಸುಶೀಲ ಇದನ್ನು ಐ.ಟಿ.ಐ.ಯಲ್ಲಿ ಕಲಿತಿದ್ದಳು. ತಂಗವೇಲುವಿಗೆ ಯಾರೂ ಕಲಿಸಿರಲಿಲ್ಲ. ತನ್ನ ಮನೆಯ ಮಗ್ಗ ನಿಂತುಹೋದ ಮೇಲೆ ಹನ್ನೆರಡು ವರ್ಷ ಕಂಬಿ ಬಗ್ಗಿಸಿದ್ದ, ಕೈಗೇ ಗೊತ್ತಿತ್ತು.

ಅವನು ನೆಲದಿಂದ ಒಂದು ತುಂಡು ಕಟ್ಟುತಂತಿ ಎತ್ತಿ, ನಡುವೆ ಬಗ್ಗಿಸಿ, ಎರಡೂ ತುದಿ ಹಿಡಿದು ಎಳೆದು ತೋರಿಸಿದ.

"ನೋಡಿ ಸಾರ್. ಭಾರ ಬಿದ್ರೆ ಬಗ್ಗಿರೋ ಕಂಬಿ ನೆಟ್ಟಗಾಗಕ್ಕೆ ನೋಡ್ತದೆ. ಅಡಿಲಿರೋ ಸಿಮೆಂಟು ಒಂದು ಬೆರಳು ದಪ್ಪ. ಅದನ್ನ ಸೀಳ್ಕೊಂಡು ಈಚೆ ಬತ್ತದೆ."

ದೇವರಾಜನ್ ಆ ತಂತಿಯನ್ನು ಕಿತ್ತುಕೊಂಡು ಅವನ ಮುಖಕ್ಕೆಸೆದ. ಹುಬ್ಬಿನ ಮೇಲೆ ಗೀರಿತು.

"ನೀನು ಹೇಳೋ ಹಂಗೆ ಕಟ್ಟಿದ್ರೆ ಒಂದೊಂದು ಕಂಬಿಗೂ ಮೊಳ ಮೊಳ ಹೆಚ್ಚಿಗೆ ಹೋಯ್ತದೆ. ಊರೆಲ್ಲ ಅಲೆದ್ರೂ ಕಂಬಿ ಸಿಕ್ತಿಲ್ಲ. ಇದೇನು ನಿಮ್ಮಪ್ಪನ ಮಗ್ಗದ ನೂಲಾ, ಇಷ್ಟ ಬಂದಷ್ಟು ಬಿಚ್ಚಕ್ಕೆ?" ಸುಶೀಲಳ ಕಡೆ ತಿರುಗಿದ. "ಏನಮ್ಮಾ, ನಿಂದೂ ಇದೇ ಪಾಠವಾ?"

"ಸಾರ್, ಪುಸ್ತಕದಲ್ಲಿ..."

"ಪುಸ್ತಕ ಬರೆದೋನು ನಿಂಗೆ ಸಂಬಳ ಕೊಡ್ತಾನಾ? ನಮ್ಮ ಭಾಷೆ ಹುಡುಗಿ, ತಂದೆ ಇಲ್ಲ ಅಂತ ಕರೆದು ಕೂರಿಸ್ದೆ. ಆಫೀಸಿಗೆ ಹೋಗಿ ಆ ಮೂಲೆ ಕೆರೆದು ಬೇರೆ ಬರಿ. ಒಂದೇ ಕಂಬಿ. ಬಗ್ಗಿಸು, ಮುಂದಕ್ಕೆ ಎಳಿ. ಮುಗೀತು."

ಸುಶೀಲ ಮಾವನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಆಮೇಲೆ ಕೂತು, ಬೆಳಿಗ್ಗೆಯಿಂದ ಕಟ್ಟಿದ್ದ ಗಂಟುಗಳನ್ನು ಒಂದೊಂದಾಗಿ ಬಿಚ್ಚತೊಡಗಿದ.

ಆಫೀಸಿಗೆ ಬಂದು ಅವಳು ನೀಲಿ ಪ್ರಿಂಟಿನ ಮೂಲವಾದ ಟ್ರೇಸಿಂಗ್ ಹಾಳೆಯನ್ನು ಬೋರ್ಡಿಗೆ ಪಿನ್ನು ಮಾಡಿದಳು. ಟ್ರೇಸಿಂಗಿನ ಮೇಲೆ ಇಂಡಿಯನ್ ಇಂಕಿನಲ್ಲಿ ಎಳೆದ ಗೆರೆ ರಬ್ಬರಿಗೆ ಹೋಗುವುದಿಲ್ಲ. ಅರ್ಧ ಬ್ಲೇಡು ಹಿಡಿದು ಕೆರೆಯಬೇಕು, ಹಾಳೆ ತೂತಾಗದಂತೆ. ಅವಳು ಬರೆದ ಎಲ್ಲ ನಕ್ಷೆಗಳಲ್ಲಿ ಮೆಟ್ಟಿಲು ಅವಳಿಗೆ ಇಷ್ಟದ ಭಾಗ. ಗೋಡೆ, ಬಾಗಿಲು ಯಾರು ಬೇಕಾದರೂ ಎಳೆಯುತ್ತಾರೆ. ಮೆಟ್ಟಿಲಿಗೆ ಮನುಷ್ಯನ ಕಾಲನ್ನು ನೆನೆಯಬೇಕು. ಹದಿನೈದು ಸೆಂಟಿಮೀಟರ್ ಎತ್ತರ, ಮೂವತ್ತು ಅಗಲ. ತಲೆಯ ಮೇಲೆ ಹೊರೆ ಇದ್ದವರೂ ನೋಡದೆ ಹತ್ತುವಂತೆ ಇರಬೇಕು. ಆ ಮೂಲೆಯ ಎರಡು ಗೆರೆಗಳನ್ನು ಕೆರೆಯಲು ಕಾಲು ಗಂಟೆ ಹಿಡಿಯಿತು. ಬಗ್ಗಿದ ಒಂದು ಗೆರೆ ಎಳೆಯಲು ಒಂದು ನಿಮಿಷ. ಆಗುವುದಿಲ್ಲ ಅನ್ನಬಹುದಿತ್ತು. ಅನ್ನಲಿಲ್ಲ.

ಮೆಟ್ಟಿಲಿಗೆ ಕಾಂಕ್ರೀಟು ಹಾಕಿದ ಒಂಬತ್ತನೇ ದಿನಕ್ಕೆ ಅದರ ಅಡಿಯ ಹಲಗೆ, ಆಸರೆಕಂಬ ಎಲ್ಲವನ್ನೂ ಕಳಚಿ ತಾರಸಿಗೆ ಒಯ್ದರು. ತಾರಸಿಗೆ ಹಲಗೆ ಸಾಲದೆ ಬಂದಿತ್ತು. ಇನ್ನೂ ಒಂದು ವಾರ ಬಿಡಿ ಎಂದು ತಂಗವೇಲು ಸೂಪರ್‌ವೈಸರ್ ಬಳಿ ಹೇಳಿದ. "ಇಂಜಿನಿಯರ್ ನೀನಾ?" ಎಂದು ಅವನು ಕೇಳಿದ. ಸುತ್ತಲಿದ್ದವರು ನಕ್ಕರು.

ತಾರಸಿಗೆ ಕಾಂಕ್ರೀಟು ಹಾಕುವ ದಿನ ನೆಲದಿಂದ ತಾರಸಿಯವರೆಗೆ ಮೆಟ್ಟಿಲ ಮೇಲೆ ಹೆಂಗಸರ ಸಾಲು ನಿಂತಿತು. ಒಂದೊಂದು ಮೆಟ್ಟಿಲಿಗೆ ಇಬ್ಬರು. ಕೆಳಗೆ ಕಲಸಿದ್ದು ಬಾಂಡ್ಲಿಯಲ್ಲಿ ಕೈಯಿಂದ ಕೈಗೆ ಮೇಲೇರಬೇಕು, ಖಾಲಿ ಬಾಂಡ್ಲಿ ಕೆಳಗಿಳಿಯಬೇಕು. ನಿಲ್ಲುವಂತಿಲ್ಲ. ನಿಂತರೆ ಕಾಂಕ್ರೀಟು ಗಟ್ಟಿಯಾಗುತ್ತದೆ. ತಂಗವೇಲು ತಾರಸಿಯಲ್ಲಿ ಕಂಬಿಯ ಮೇಲೆ ಕೂತಿದ್ದ. ಕುಪ್ಪಮ್ಮ ನಡುವಿನ ಲ್ಯಾಂಡಿಂಗಿನ ಮೂಲೆಯಲ್ಲಿ ನಿಂತಿದ್ದಳು. ತಾರಸಿಯ ಅಂಚಿನ ಮೋಟುಗೋಡೆಯ ಪ್ರಿಂಟು ಕೊಡಲು ಸುಶೀಲ ಬಂದಾಗ ಮಧ್ಯಾಹ್ನ ಹನ್ನೆರಡು.

"ಬಾ ಕಣ್ಣು," ಕುಪ್ಪಮ್ಮ ಮೇಲಿಂದಲೇ ಅಕ್ಕರೆಯಲ್ಲಿ ಕೂಗಿದಳು. ಮುಖದ ತುಂಬ ಸಿಮೆಂಟು. "ನೀನು ಬರೆದ ಮೆಟ್ಲು ಮೇಲೇ ನಿಂತಿವ್ನಿ ನೋಡು. ಕಾಲು ನೋಯ್ತಿಲ್ಲ."

"ಅತ್ತೆ, ಆ ಮೂಲೆಲಿ ನಿಲ್ಲಬೇಡ. ಈ ಕಡೆ ಬಾ."

"ಈ ಕಡೆ ಬಂದ್ರೆ ಸಾಲು ಕಡೀತದೆ. ಬೈತಾನೆ."

ಅವಳ ಕೆಳಗಿನ ಮೆಟ್ಟಿಲಿನವಳು, ಅಡಿಯಿಂದ ಸಿಮೆಂಟಿನ ಚಕ್ಕೆ ಬೀಳುತ್ತಿದೆ ಎಂದಳು. ಸೂಪರ್‌ವೈಸರ್, ಬಾಯಿ ಮುಚ್ಚಿಕೊಂಡು ಕೈ ಆಡಿಸಿ ಎಂದ. ಸುಶೀಲ ಪ್ರಿಂಟನ್ನು ಬಿಸಾಕಿ ಮೆಟ್ಟಿಲ ಕಡೆಗೆ ಓಡಿದಳು. "ಎಲ್ಲ ಇಳೀರಿ" ಎಂದು ಕನ್ನಡದಲ್ಲಿ ಕೂಗಿದಳು, ತಮಿಳಿನಲ್ಲಿ ಕೂಗಿದಳು. ಕೆಳಗಿನ ನಾಲ್ಕೈದು ಮಂದಿ ಹಾರಿಕೊಂಡರು. ಆಮೇಲೆ ದೊಡ್ಡ ಬಟ್ಟೆ ಹರಿದಂಥ ಸದ್ದು. ಲ್ಯಾಂಡಿಂಗ್ ಕಳಚಿ ಕುಸಿಯಿತು.

ಧೂಳು ಇಳಿದಾಗ ಕಂಡದ್ದು ಕಂಬಿ. ಬಗ್ಗಿಸಿ ಕಟ್ಟಿದ್ದ ಕಂಬಿಗಳು ಅಡಿಯ ಸಿಮೆಂಟನ್ನು ಸೀಳಿ ಹೊರಬಂದು ನೆಟ್ಟಗೆ ತೂಗುತ್ತಿದ್ದವು.

ತಂಗವೇಲು ಹೊರಗಿನ ಸಾರುವೆ ಮರ ಹಿಡಿದು ಜಾರಿ ಇಳಿದ. ಐದಾರು ಜನ ಸೇರಿ ಹಾರೆ ಹಾಕಿ ಚಪ್ಪಡಿ ಎತ್ತಿದರು. ಮೂವರಿಗೆ ಕೈಕಾಲು ಮುರಿದಿತ್ತು. ಕುಪ್ಪಮ್ಮನ ಎದೆಯ ಮೇಲೇ ಬಿದ್ದಿತ್ತು. ಅವನು ಅವಳ ಮುಖದ ಮೇಲಿನ ಹಸಿ ಸಿಮೆಂಟನ್ನು ಅಂಗೈಯಿಂದ ಒರೆಸಿದ. ಒರೆಸಿದಷ್ಟೂ ಮೆತ್ತಿಕೊಂಡಿತು. "ನೀರು ಕೊಡ್ರಿ," ಅಂದ. ಯಾರೋ ಕಾಂಕ್ರೀಟಿಗೆ ಇಟ್ಟಿದ್ದ ಪೀಪಾಯಿಯಿಂದ ಒಂದು ಬಕೆಟ್ ತಂದರು. ಅವನು ಮುಖ ತೊಳೆದ, ಕಿವಿ ತೊಳೆದ, ಕೂದಲು ತೊಳೆದ. ಅಷ್ಟರಲ್ಲಿ ಪೊಲೀಸ್ ಜೀಪು ಬಂತು. ಕಂಬಿ ಕಟ್ಟಿದವನು ಯಾರು ಎಂದು ಇನ್‌ಸ್ಪೆಕ್ಟರ್ ಕೇಳಿದ. ಸೂಪರ್‌ವೈಸರ್ ಬೆರಳು ತೋರಿಸಿದ.

ಮಾರನೆಯ ದಿನ ಕುಪ್ಪಮ್ಮನನ್ನು ಮಣ್ಣು ಮಾಡಿದರು. ಗಂಡ ಬಂದು ಒಂದು ಹಿಡಿ ಮಣ್ಣು ಹಾಕಲಿ ಎಂದು ಜಾನಕಿಯಮ್ಮ ಠಾಣೆಯ ಬಾಗಿಲಲ್ಲಿ ಮೂರು ಗಂಟೆ ಕೈ ಮುಗಿದು ನಿಂತಳು. ಬಿಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ದೇವರಾಜನ್ ಸುಶೀಲಳನ್ನು ಆಫೀಸಿಗೆ ಕರೆಸಿದ. ಕುರ್ಚಿ ತೋರಿಸಿದ. ಅಲ್ಲಿ ಸೇರಿ ಮೂರು ವರ್ಷದಲ್ಲಿ ಅದೇ ಮೊದಲು.

"ನಿಮ್ಮ ಅತ್ತೆ ವಿಷಯ ನಂಗೂ ಸಂಕಟ ಅದೆ," ಅಂದ. "ಈಗ ಆಗಬೇಕಾದ್ದು ನೋಡಣ. ಸೋಮವಾರ ಸರ್ಕಾರದ ಇಂಜಿನಿಯರ್ ಬಂದು ಡ್ರಾಯಿಂಗ್ ಕೇಳ್ತಾರೆ. ನೀನು ಮೊದ್ಲು ಬರೆದಿದ್ಯಲ್ಲ, ಅದೇ ಸರಿ ಇತ್ತು. ಹೊಸ ಟ್ರೇಸಿಂಗ್ ತಗೊಂಡು ಹಂಗೇ ಬರಿ. ಕಂಬಿ ನೇರ ಹೋಗ್ಲಿ. ಜನವರಿ ತಾರೀಖು ಹಾಕು."

ಸುಶೀಲಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಆಗ ಮಾವ ಡ್ರಾಯಿಂಗ್ ಬಿಟ್ಟು ತಪ್ಪಾಗಿ ಕಟ್ಟಿದ ಅಂತ ಆಯ್ತದೆ ಸಾರ್."

"ಕಟ್ಟಿದ್ದು ಅವನ ಕೈಯೇ ತಾನೆ? ಓದು ಬರಹ ಇಲ್ದೋನು, ತಪ್ಪು ಮಾಡಿದ ಅಂದ್ರೆ ಕೋರ್ಟು ಕರುಣೆ ತೋರಿಸ್ತದೆ. ಕೆಲವು ತಿಂಗಳು. ನಾನು ಒಳಗೆ ಹೋದ್ರೆ ನೂರು ಮನೆ ಒಲೆ ಆರ್ತದೆ. ನಿಂದೂ ಸೇರಿ."

"ಹಳೇ ಟ್ರೇಸಿಂಗ್ ಎಲ್ಲದೆ?"

"ಯಾವ ಹಳೇದು?" ಎಂದ ದೇವರಾಜನ್. ಮೇಜಿನ ಕೆಳಗಿನ ತಗಡಿನ ಡಬ್ಬದಲ್ಲಿ ಸುಟ್ಟ ಕಾಗದದ ಕರಿ ಇತ್ತು. ಸೈಟಿನಲ್ಲಿದ್ದ ಪ್ರಿಂಟುಗಳೂ ಅಲ್ಲಿಗೇ ಬಂದಿದ್ದವು. ಮುರಿದ ಮೆಟ್ಟಿಲನ್ನು ಆ ಬೆಳಿಗ್ಗೆಯೇ ಒಡೆಸಿ, ಕಂಬಿ ಕತ್ತರಿಸಿ, ಲಾರಿಗೆ ತುಂಬುತ್ತಿದ್ದರು.

ಹೊಸ ಟ್ರೇಸಿಂಗ್ ಹಾಳೆಯನ್ನು ಕಂಕುಳಲ್ಲಿಟ್ಟುಕೊಂಡು ಅವಳು ಮನೆಗೆ ಬಂದಳು, ಮನೆಯಲ್ಲೇ ಬರೆದು ತರುತ್ತೇನೆ ಎಂದು ಹೇಳಿ. ಜಾನಕಿಯಮ್ಮ ಮಗ್ಗದ ಕುಳಿಯಲ್ಲಿ ಕಾಲು ಇಳಿಬಿಟ್ಟು ನೇಯದೆ ಕೂತಿದ್ದಳು. ಸುಶೀಲ ಎಲ್ಲ ಹೇಳಿದಳು. ಮೂಲೆ ಕೆರೆದು ಬಗ್ಗಿದ ಗೆರೆ ಎಳೆದದ್ದು ತಾನೇ ಎಂಬುದನ್ನೂ ಹೇಳಿದಳು. ಅದನ್ನು ಅಮ್ಮನಿಗೆ ಅವಳು ಈವರೆಗೆ ಹೇಳಿರಲಿಲ್ಲ.

ಜಾನಕಿಯಮ್ಮ ಕುಳಿಯಿಂದ ಕಾಲು ಮೇಲೆಳೆದುಕೊಂಡಳು.

"ಗೊತ್ತಿದ್ದೂ ಎಳೆದ್ಯಾ?"

"ಎಳೆದೆ."

"ಅವನಿಗೂ ಗೊತ್ತಿತ್ತಾ?"

"ಗೊತ್ತಿತ್ತು. ಅವನೂ ಕಟ್ಟಿದ."

"ಇಬ್ರೂ ಸೇರಿ ಅವಳನ್ನ ನಿಲ್ಲಿಸಿದ್ರಲ್ಲ ಅಲ್ಲಿ," ಎಂದಳು ಜಾನಕಿಯಮ್ಮ. ಬೈಯುವ ದನಿಯಲ್ಲ. ಲೆಕ್ಕ ತಪ್ಪಿದವರ ದನಿ. ಆಮೇಲೆ, "ಬರೆದುಕೊಡು ಕಣ್ಣು. ಇಲ್ಲಾಂದ್ರೆ ನಿನ್ನೂ ಎಳ್ಕೊಂಡು ಹೋಯ್ತಾರೆ. ನಾನೊಬ್ಬಳೇ ಏನ್ ಮಾಡ್ಲಿ?" ಎಂದಳು. ಹೇಳಿದವಳೇ ಸೆರಗನ್ನು ಬಾಯಿಗೆ ತುರುಕಿಕೊಂಡು ಮುಖ ತಿರುಗಿಸಿದಳು.

ಸುಶೀಲ ನೆಲದ ಮೇಲೆ ಹಾಳೆ ಹಾಸಿ, ನಾಲ್ಕು ಮೂಲೆಗೂ ನೂಲಿನ ಉಂಡೆ ಇಟ್ಟು ಬರೆದಳು. ಸಂಜೆಯೊಳಗೆ ಮುಗಿಯಿತು. ಆ ಹಾಳೆ ತೆಗೆದುಕೊಂಡು ಅವಳು ದೇವರಾಜನ್‌ನ ಆಫೀಸಿಗೆ ಹೋಗಲಿಲ್ಲ. ಠಾಣೆಗೆ ಹೋದಳು.

ಠಾಣೆಯಲ್ಲಿ ಬರೆಯುವ ಕೆಲಸದ ಹೆಡ್ ಕಾನ್‌ಸ್ಟೆಬಲ್ ದಂಡಪಾಣಿ ಹಾಳೆಯನ್ನು ಬಿಚ್ಚಿ ನೋಡಿದ. ಒಂದೇ ಮೆಟ್ಟಿಲು, ಎರಡು ಸಲ. ಎಡಗಡೆ ಕಂಬಿಗಳು ದಾಟಿದ್ದವು. ಕೆಳಗೆ ತಮಿಳಿನಲ್ಲಿ, "ನಾನು ಮೊದಲು ಬರೆದದ್ದು." ಬಲಗಡೆ ಕಂಬಿ ಬಗ್ಗಿತ್ತು. "ಇಂಜಿನಿಯರ್ ದೇವರಾಜನ್ ಹೇಳಿದ ಮೇಲೆ ಬದಲಾಯಿಸಿದ್ದು. ಕಟ್ಟಿದ್ದು ಹೀಗೆ." ಅಡಿಯಲ್ಲಿ ಆ ದಿನದ ನಿಜವಾದ ತಾರೀಖು, ಅವಳ ಪೂರ್ತಿ ಹೆಸರು, ಮನೆಯ ವಿಳಾಸ.

"ಇದರಲ್ಲಿ ಅವರ ಸೈನ್ ಎಲ್ಲಮ್ಮಾ?" ದಂಡಪಾಣಿ ತಮಿಳಿನಲ್ಲಿ ಕೇಳಿದ.

"ಸೈನ್ ಇದ್ದದ್ದನ್ನ ಸುಟ್ಟಿದ್ದಾರೆ."

"ಹಂಗಾದ್ರೆ ಇದು ಬರೀ ಚಿತ್ರ."

"ಸರಿ. ನನ್ನ ಹೆಸರು ಬರೆದುಕೊಳ್ಳಿ," ಎಂದಳು ಸುಶೀಲ. "ಬಗ್ಗಿಸಿದ್ದು ತಪ್ಪು ಅಂತ ಮಾವನ್ನ ಹಿಡಿದಿದ್ದೀರಿ. ಅವನು ಬಗ್ಗಿಸೋಕೆ ಮೊದ್ಲು ನಾನು ಬಗ್ಗಿಸಿದ್ದೀನಿ, ಕಾಗದದ ಮೇಲೆ. ನಾನು ಎರಡನೇ ಆರೋಪಿ ಅಲ್ಲ, ಮೊದಲನೇ ಆರೋಪಿ. ಬರೀರಿ."

ದಂಡಪಾಣಿ ಪೆನ್ನು ಎತ್ತಿದ, ಇಳಿಸಿದ. ಅವಳ ಹೆಸರು ಬರೆದರೆ ಬರೆಸಿದವನು ಯಾರು ಎಂದು ಮುಂದಿನ ಸಾಲು ಕೇಳುತ್ತಿತ್ತು.

"ಪೋಮ್ಮಾ," ಎಂದ, ಸ್ವಲ್ಪ ಮೆತ್ತಗೆ. "ಮದುವೆ ಆಗಬೇಕಾದ ಹುಡುಗಿ. ಮನೆಗೆ ಹೋಗು."

"ಬರೆಯೋವರೆಗೂ ಹೋಗಲ್ಲ."

ಅವಳು ಅವನ ಮೇಜಿನ ಮುಂದೆ ನೆಲದ ಮೇಲೆ ಕೂತಳು. ಲಾಕಪ್ಪಿನ ಕಂಬಿಗಳ ಹಿಂದೆ ಕೂತು ತಂಗವೇಲು ನೋಡುತ್ತಿದ್ದ. ಒಂದು ಕಣ್ಣು ಊದಿ ಮುಚ್ಚಿಕೊಂಡಿತ್ತು.

"ಎದ್ದೋಗು ಕಣ್ಣು," ಕನ್ನಡದಲ್ಲಿ ಅಂದ. "ನಾನು ಒಪ್ಕೊಂಡು ಹೆಬ್ಬೆಟ್ಟು ಹಾಕಿವ್ನಿ. ಬೆಳಿಗ್ಗೆ ಹಾಕಿಸ್ಕೊಂಡ್ರು."

"ನೀನು ಹಾಕಿದ್ರೇನು ಮಾವ. ನಾನು ಹಾಕಿಲ್ಲ."

ಹೊರಗೆ ಕಾರು ನಿಂತಿತು. ದೇವರಾಜನ್ ಇನ್‌ಸ್ಪೆಕ್ಟರ್ ಜೊತೆ ಮಾತಾಡುತ್ತ ಒಳಗೆ ಬಂದ. ದಂಡಪಾಣಿ ಎದ್ದು ನಿಂತ. ಬೆಂಚಿನ ಮೇಲೆ ಕೂತಿದ್ದವರು, ಬಾಗಿಲಿನ ಕಾನ್‌ಸ್ಟೆಬಲ್, ಎಲ್ಲರೂ ನಿಂತರು. ಆ ದನಿ ಕೇಳಿದ್ದೇ ತಂಗವೇಲುವೂ ಗಡಬಡಿಸಿ ಎದ್ದು ಕೈ ಕಟ್ಟಿದ.

ದೇವರಾಜನ್‌ನ ಕಣ್ಣು ಮೇಜಿನ ಮೇಲಿದ್ದ ಹಾಳೆಗೆ ಬಿತ್ತು, ಆಮೇಲೆ ಅವಳಿಗೆ.

"ಎದ್ದೇಳೇ ಮುಂಡೆ," ಎಂದ ಕನ್ನಡದಲ್ಲಿ.

ಸುಶೀಲ ಏಳಲಿಲ್ಲ. ಕಾಲು ಮಡಚಿ ಇನ್ನಷ್ಟು ಗಟ್ಟಿಯಾಗಿ ಕೂತಳು. ತಂಗವೇಲು ಅವಳನ್ನು ನೋಡಿದ. ಕಟ್ಟಿದ ಕೈ ಬಿಚ್ಚಿದ. ಗೋಡೆಗೆ ಬೆನ್ನು ಆನಿಸಿ, ನೋಯುವ ಮೈಯನ್ನು ಮೆಲ್ಲಗೆ ಇಳಿಸಿಕೊಂಡು, ದೇವರಾಜನ್ ನೋಡುತ್ತಿದ್ದಂತೆಯೇ ಅವನೂ ನೆಲದ ಮೇಲೆ ಕೂತ.